ಬೀಗ ರಿಪೇರಿಯವರ ಅಂಗಿಗಳು

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಲೋ! ಹಳೇ ಬಟ್ಟೆ ಚೂರು ಮಾಡಿ ಹತ್ತಿ ತೆಗೀತಾರಲ್ಲ, ಆ ಮಿಲ್ಲೇ ತಾನೇ ಇದು?...

...ಹಾಂ, ಸದ್ಯ. ನೀವ್ಯಾರು, ಸೂಪರ್‌ವೈಸರಾ?... ಸರಿ ಸಾರ್, ಹಾಗಿದ್ರೆ ಸರಿಯಾದವರೇ ಸಿಕ್ಕಿದ್ರಿ. ಒಂದು ಉಪಕಾರ ಆಗ್ಬೇಕಿತ್ತು. ಆ ಮಷೀನ್ ಒಂದು ಗಳಿಗೆ ನಿಲ್ಲಿಸ್ತೀರಾ?...

...ಅಯ್ಯೋ, ತಮಾಷೆ ಅಲ್ಲ ಸಾರ್. ನಾನ್ಯಾಕೆ ಕೆಲಸ ಬಿಟ್ಟು ನಿಮ್ಮ ಹತ್ರ ತಮಾಷೆ ಮಾಡ್ಲಿ?... ಹಾಂ? ಜೋರಾಗಿ ಮಾತಾಡೋಕಾಗಲ್ಲ, ಮುಂದಿನ ಕೋಣೇಲಿ ಗಿರಾಕಿ ಕೂತಿದಾರೆ. ನೀವೇ ಆ ಸದ್ದು ಬಿಟ್ಟು ಸ್ವಲ್ಪ ಈಚೆ ಬನ್ನಿ... ಇನ್ನೂ ಸ್ವಲ್ಪ... ಹಾಂ, ಈಗ ಕೇಳಿಸ್ತಿದೆ.

...ನಾನು ಹಳೇ ಬಟ್ಟೆ ಬಿಚ್ಚಿ ಹೊಸ ಉಡುಪು ಹೊಲಿಯೋ ಅಂಗಡಿಯವಳು. ಬೆಳಿಗ್ಗೆ ನಿಮ್ಮ ವ್ಯಾನ್ ಬಂದು ನಮ್ಮ ಮೂಟೆಗಳನ್ನ ಎತ್ಕೊಂಡು ಹೋಯ್ತಲ್ಲ... ಏನು? ಯಾರಮ್ಮ?... ಗುಂಡಿಯಮ್ಮನಾ? ಓಹೋ, ಅಲ್ಲಿ ನನಗೆ ಹಾಗಂತ ಹೆಸರಿಟ್ಟಿದೀರೋ? ಗುಂಡಿ, ಜಿಪ್ಪು, ಹುಕ್ಕು ಎಲ್ಲಾ ಬಿಚ್ಚಿ ಕಳಿಸ್ತೀನಿ ಅಂತ?... ಹಾಂ, ನಾನೇ ಸಾರ್ ಆ ಗುಂಡಿಯಮ್ಮ. ಹೆಸರಿನ ಜಗಳ ಆಮೇಲೆ ಇಟ್ಕೊಳ್ಳೋಣ.

...ವಿಷಯ ಇಷ್ಟೇ. ಆ ಮೂಟೆಗಳಲ್ಲಿ ಒಂದು ನಿಮಗೆ ಬರಬೇಕಾದ್ದಲ್ಲ. ತಪ್ಪಿ ಬಂದಿದೆ. ಅದನ್ನ ಹಾಗೇ ಪಕ್ಕಕ್ಕೆ ತೆಗೆದಿಟ್ರೆ ನಾನೇ ಓಡಿ ಬಂದು ತಗೊಂಡು ಹೋಗ್ತೀನಿ. ಮೂಟೆ ಈಗ ಎಲ್ಲಿದೆ ಸಾರ್? ಅದೇನೋ ಉದ್ದ ಟೇಬಲ್ ಇದೆಯಂತಲ್ಲ, ಅದರ ಮೇಲಾ?...

...ಇಲ್ವಾ? ಮತ್ತೆ?... ನೇರ ಬೆಲ್ಟ್‌ಗಾ? ಯಾಕೆ ಸಾರ್? ಎಲ್ಲರ ಮೂಟೇನೂ ಟೇಬಲ್ ಮೇಲೆ ಸುರಿದು ಒಂದೊಂದಾಗಿ ನೋಡ್ತೀರಂತೆ, ನಂದು ಯಾಕೆ ನೋಡಲ್ಲ?...

...ಚೊಕ್ಕ ಇರುತ್ತೆ ಅಂತ ನೋಡಲ್ವಾ. ಗುಂಡಿಯಮ್ಮನ ಮೂಟೆ ಅಂದ್ರೆ ಕಣ್ಣು ಮುಚ್ಚಿ ಹಾಕ್ಬಹುದು ಅಂತ. ಅಯ್ಯೋ, ನನ್ನ ಚೊಕ್ಕಕ್ಕಷ್ಟು ಬೆಂಕಿ ಬೀಳ.

...ಬಂದೆ ಟೀಚರಮ್ಮಾ! ಕೂತಿರಿ, ಕೂತಿರಿ, ಬಂದೇಬಿಟ್ಟೆ! ಏನಿಲ್ಲ, ದಾರದ ಅಂಗಡಿಯವರು!... ಸಾರ್, ಲೈನಲ್ಲಿ ಇದೀರಾ? ಅವರೇ ಸಾರ್ ಗಿರಾಕಿ. ಆ ಮೂಟೆ ಅವರದ್ದು. ಪಾಪ, ಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತಿದ್ದೋರು. ಅವರ ಯಜಮಾನರ ಅಂಗಿಗಳು ಅವು.

...ಹೌದು, ತೀರ್ಕೊಂಡಿದಾರೆ. ಬೀಗ ರಿಪೇರಿ ಮಾಡ್ತಿದ್ರು. ಅವರ ಅಂಗಿಗಳನ್ನೆಲ್ಲಾ ಸೇರಿಸಿ ಒಂದು ಉದ್ದ ಕೋಟು ಹೊಲಿದುಕೊಡಿ, ನಾನು ಹಾಕ್ಕೊಂಡು ಓಡಾಡ್ತೀನಿ ಅಂತ ತಂದುಕೊಟ್ರು. ಒಂದು ಮಾತು ಹೇಳಿದ್ರು, ಕತ್ತರಿ ಹಾಕೋಕೆ ಮುಂಚೆ ನನ್ನ ಕರೀರಿ, ಒಂದ್ಸಲ ಮುಟ್ಟಿ ನೋಡಿ ಆಮೇಲೆ ಕೊಡ್ತೀನಿ ಅಂತ. ಸರಿ, ನಾನೇ ಇವತ್ತು ಬನ್ನಿ ಅಂತ ಕರೆದೆ. ಬಂದು ಕೂತಿದಾರೆ. ತರ್ತೀನಿ ಅಂತ ಒಳಗೆ ಬಂದು ನೋಡಿದ್ರೆ ಕಿಟಕಿ ಪಕ್ಕ ಜಾಗ ಖಾಲಿ. ಅಲ್ಲಿಂದ್ಲೇ ನಿಮಗೆ ಫೋನ್ ಮಾಡಿದೆ ಸಾರ್.

...ನಿಲ್ಲಿಸೋಕಾಗಲ್ವಾ? ಯಾಕಾಗಲ್ಲ? ಒಂದು ಸ್ವಿಚ್ ಒತ್ತೋಕೆ ಏನು ಕಷ್ಟ?... ಹಾಂ... ಹಾಂ... ಮಧ್ಯೆ ನಿಲ್ಲಿಸಿದ್ರೆ ಹತ್ತಿ ಒಳಗೇ ಕಟ್ಕೊಳ್ಳುತ್ತಾ?... ಮತ್ತೆ ಶುರು ಮಾಡೋಕೆ ಅರ್ಧ ದಿನಾನಾ... ಧಣಿ ಬೈತಾರೆ, ಗೊತ್ತಾಯ್ತು. ಬೈಲಿ ಸಾರ್. ಬೈದ್ರೆ ನನ್ನ ಫೋನ್ ನಂಬರ್ ಕೊಡಿ, ನಾನು ಬೈಸ್ಕೋತೀನಿ. ಬೈಸ್ಕೊಂಡು ನನಗೆ ಅಭ್ಯಾಸ ಇದೆ.

...ಬರೆದಿತ್ತು ಸಾರ್, ಹೆಸರು ಬರೆದೇ ಇತ್ತು! ಪ್ರತಿ ಮೂಟೆಗೂ ಚೀಟಿ ಕಟ್ತೀವಿ. ಹೆಸರಿರೋ ಮೂಟೆ ಹೊಲಿಯೋಕೆ, ಹೆಸರಿಲ್ಲದ್ದು ನಿಮ್ಮ ಮಿಲ್ಲಿಗೆ. ಅದೇ ನಮ್ಮ ಪದ್ಧತಿ. ಇಷ್ಟು ವರ್ಷ ಒಂದೇ ಒಂದು ಸಲಾನೂ ಎಡವಟ್ಟಾಗಿರಲಿಲ್ಲ...

...ಅದೇ ಸಾರ್, ಅದನ್ನೇ ಕೇಳ್ಬೇಡಿ. ನಾಚಿಕೆಯಾಗುತ್ತೆ. ಮೊದಲು ಪ್ಲಾಸ್ಟಿಕ್ ಚೀಟಿ ಇತ್ತು, ಮಾರ್ಕರ್ ಪೆನ್ನಲ್ಲಿ ಬರೀತಿದ್ವಿ, ಸುಖವಾಗಿತ್ತು. ನಾನು ಸುಮ್ನೆ ಇರಬೇಕಲ್ಲ. ಹಳೇ ಬಟ್ಟೆ ಉಳಿಸೋ ಅಂಗಡೀಲಿ ಪ್ಲಾಸ್ಟಿಕ್ ಯಾಕೆ ಅಂತ ಎಲ್ಲಾ ಕಿತ್ತು ಬಿಸಾಕಿದೆ. ಬಿಳೀ ಬಟ್ಟೆ ಪಟ್ಟಿ ಹರಿದು ಚೀಟಿ ಮಾಡಿದೆ. ಶಾಯೀನೂ ಅಂಗಡೀದು ಬೇಡ ಅಂತ... ನಗಬಾರದು ನೀವು... ಬೀಟ್‌ರೂಟ್ ಕುದಿಸಿದೆ.

...ನಗಬೇಡಿ ಅಂದೆನಲ್ಲ!... ಹೌದು, ಬೀಟ್‌ರೂಟೇ. ಉಪ್ಪು, ವಿನೆಗರ್ ಎಲ್ಲಾ ಹಾಕಿ ಕುದಿಸಿ ಸೋಸಿ ಬಾಟ್ಲಿಗೆ ತುಂಬಿಸಿಟ್ಟಿದ್ದೆ. ಎಷ್ಟು ಚೆಂದ ಬಣ್ಣ ಅಂತೀರಿ! ನಮ್ಮ ನಾದಿನಿ ಪುಟ್ಟಿ ಬಡ್ಕೊಂಡಳು, ಅತ್ತಿಗೆ, ಇದು ಪಲ್ಯಕ್ಕೆ ಸರಿ, ಬರೆಯೋಕಲ್ಲ, ಬಿಸಿಲಿಗೆ ಹಾರಿಹೋಗುತ್ತೆ ಅಂತ. ನಾನು ಕೇಳಿದ್ರೆ ತಾನೇ? ಮೂಟೆ ಕಿಟಕಿ ಪಕ್ಕ ಇಟ್ಟಿದ್ದೆ. ಕೋಟು ಹೇಗಿರಬೇಕು ಅಂತ ಯೋಚನೆ ಮಾಡ್ತಾ ಮಾಡ್ತಾ ವಾರಗಳು ಹೋದ್ವು. ಬಿಸಿಲು ತನ್ನ ಕೆಲಸ ಮಾಡ್ತು. ಅವಳು ಇವತ್ತು ನೋಡಿದಾಳೆ, ಚೀಟಿ ಇದೆ, ಹೆಸರಿಲ್ಲ. ಹೆಸರಿಲ್ಲ ಅಂದ್ರೆ ಮಿಲ್ಲಿಗೆ. ನಾನೇ ಮಾಡಿದ ಪದ್ಧತಿ, ಅವಳನ್ನ ಏನಂತ ಬೈಯ್ಲಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗಾಯ್ತು ನನ್ನ ಬಾಳು.

...ಹಾಂ, ಕೇಳ್ತಿದೀನಿ, ಹೇಳಿ... ನೀವೂ ನನಗೇ ಫೋನ್ ಮಾಡಬೇಕಂತಿದ್ರಾ? ಏನಕ್ಕೆ?...

...ಏನಂದ್ರಿ? ಇನ್ನೊಂದ್ಸಲ ಹೇಳಿ... ಟಕಟಕ ಅಂತಾನಾ? ಮಷೀನ್ ಒಳಗಾ?... ಗುಂಡಿ ಒಡೆದ ಸದ್ದು...

...ಇದೀನಿ. ಕೇಳಿಸ್ತು. ಸಾರ್, ನಮ್ಮ ಮೂಟೇಲಿ ಗುಂಡಿ ಇರೋಕೆ ಸಾಧ್ಯಾನೇ ಇಲ್ಲ. ಒಂದೇ ಒಂದು ಗುಂಡೀನೂ ಬಿಡಲ್ಲ ನಾವು, ಕೂತು ಬಿಚ್ಚಿದ್ದು ನಾನೇ. ಗುಂಡಿ ಇರೋ ಬಟ್ಟೆ ಇದ್ದದ್ದು ಒಂದೇ ಮೂಟೇಲಿ. ಅದನ್ನ ಬಿಚ್ಚೋ ಹಾಗೇ ಇರಲಿಲ್ಲ. ನಿಮ್ಮ ಮಷೀನ್ ಅಗಿದದ್ದು ಅದನ್ನೇ. ಅಣ್ಣಾ, ಕೈ ಮುಗೀತೀನಿ, ನಿಲ್ಲಿಸಿ ಅದನ್ನ. ಈಗ್ಲೇ ನಿಲ್ಲಿಸಿ.

...ಹಾಂ, ಓಡಿ. ಫೋನ್ ಕಟ್ ಮಾಡ್ಬೇಡಿ, ಹಾಗೇ ಜೇಬಲ್ಲಿ ಇಟ್ಕೊಂಡು ಓಡಿ! ಗುಂಡಿ ಇರೋ ಅಂಗಿ ಯಾವುದು ಕಂಡ್ರೂ ಅದೇ! ಕೇಳಿಸ್ತಾ? ಗುಂಡಿ ಇರೋದು!...

...ಪುಟ್ಟೀ, ಏಯ್ ಪುಟ್ಟೀ, ಇಲ್ಲಿ ಬಾ. ಮೆಲ್ಲಗೆ. ಅಳೋದೆಲ್ಲಾ ಆಮೇಲೆ, ಈಗ ಅವರಿಗೆ ಇನ್ನೊಂದು ಟೀ ಕೊಡು... ಕುಡಿದ್ರೆ ಕುಡಿದ್ರು, ಮತ್ತೆ ಕೊಡು. ಬಿಸ್ಕತ್ತು ಇಡು. ಆ ಕೆಂಪು ಲಂಗ ಬಿಚ್ಚಿ ಹೊಲಿದ ಕೋಟು ತೋರಿಸ್ತಾ ಇರು, ಒಳಗಿನ ಹೊಲಿಗೆ ಹೇಗೆ ಬಿಚ್ಚಿ ಮತ್ತೆ ಬೇರೆ ಹೊಲೀಬಹುದು ಅಂತ ವಿವರಿಸು. ಅದೇ, ನಾನು ದಿನಾ ಹೇಳಿ ಹೇಳಿ ನಿನ್ನ ತಲೆ ತಿನ್ನೋದು... ಇಲ್ಲ, ನೀನಲ್ಲ ಮಾಡಿದ್ದು. ನಾನು ಮಾಡಿದ್ದು. ಹೋಗು.

...ಹಲೋ? ಅಣ್ಣಾ?... ಬರೀ ಸದ್ದು. ಇನ್ನೂ ಓಡ್ತಾನೇ ಇದೆಯಲ್ಲ ಇದು...

...ಹಾಂ ಟೀಚರಮ್ಮಾ, ಇಲ್ಲೇ ಇದೀನಿ! ಬಣ್ಣದ ದಾರ ಒಂದು ಸಿಕ್ತಿಲ್ಲ, ಅದನ್ನೇ ಕೇಳ್ತಿದೀನಿ!... ಬೂದು ದಾರ! ಹೌದು, ಬೂದು ಅಂಗಿಗೇ!... ಅಯ್ಯೋ ದೇವರೇ, ಇದೇನು ಬಾಯಿಗೆ ಬಂದದ್ದೆಲ್ಲಾ ಹೇಳ್ತಿದೀನಿ ನಾನು.

...ಅಣ್ಣಾ? ಅಣ್ಣಾ, ಬಂದ್ರಾ? ಏನಾಯ್ತು, ಸಿಕ್ತಾ?... ಮೂಟೆ ಒಂದು ಬಿಚ್ಚಿದ್ರಾ, ಸರಿ, ಏನಿದೆ ಅದರಲ್ಲಿ?... ಕರ್ಟನ್ನು. ಅದು ಬೇಡ, ಅದನ್ನ ಹಾಕ್ಕೊಳ್ಳಿ ನೀವು. ಇನ್ನೊಂದು?... ಮಕ್ಕಳ ಯೂನಿಫಾರಂ. ಅದೂ ಅಲ್ಲ. ಅಣ್ಣಾ, ಮೂಟೆ ಬಿಡಿ, ಬೆಲ್ಟ್ ಮೇಲೆ ನೋಡಿ!

...ಹೇಗಿರುತ್ತೆ ಅಂದ್ರೆ... ತಡೀರಿ, ಹೇಳ್ತೀನಿ. ಎಲ್ಲಾ ಅರ್ಧ ತೋಳಿನವು, ಕಾಟನ್ನು. ಜೇಬು ನೋಡಿ ಅಣ್ಣಾ, ಜೇಬು. ಅವರು ಬೀಗದ ಕೈಗಳನ್ನ ಎದೆ ಜೇಬಲ್ಲೇ ಹಾಕ್ಕೊಳ್ತಿದ್ರಂತೆ, ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲವಂತೆ. ಭಾರಕ್ಕೆ ಜೇಬಿನ ತಳ ತೂತು ಬೀಳೋದು. ಟೀಚರಮ್ಮ ಒಳಗಡೆಯಿಂದ ಬೇರೆ ಬಟ್ಟೆ ಕೊಟ್ಟು ಹೊಲಿಯೋರು. ದಿಂಬಿನ ಕವರಿಂದು, ಅವರದೇ ರವಿಕೆದು, ಕೈಗೆ ಸಿಕ್ಕಿದ್ದು. ಒಂದೊಂದು ಅಂಗಿ ಜೇಬಿನ ಒಳಗೂ ಒಂದೊಂದು ಬಣ್ಣ. ಹೊರಗಿಂದ ಏನೂ ಕಾಣಲ್ಲ. ಜೇಬಿಗೆ ಬೆರಳು ಹಾಕಿ ತಿರುವಿ ನೋಡಬೇಕು.

...ಅದಕ್ಕೇ ಅಣ್ಣಾ ನಾನು ಇಷ್ಟು ದಿನ ಕತ್ತರಿ ಹಾಕದೆ ಕೂತದ್ದು. ಆ ಜೇಬುಗಳನ್ನೆಲ್ಲಾ ಒಳಗಿಂದ ಹೊರಕ್ಕೆ ಮಾಡಿ ಕೋಟಿನ ತುಂಬಾ ಹೊಲೀಬೇಕು ಅಂತ ಆಸೆ ನನಗೆ. ಕನಸಲ್ಲೂ ಅದೇ. ಅಷ್ಟು ಒಳ್ಳೇ ಬಟ್ಟೆ ಈಗ ಎಲ್ಲಿ ಸಿಗುತ್ತೆ ಹೇಳಿ? ಅಂಗಡಿಗೆ ಹೋದ್ರೆ ನಾಲ್ಕು ಸಲ ಒಗೆದ್ರೆ ನೀರಾಗೋ ಬಟ್ಟೆ, ಕತ್ತಿನ ಹತ್ರ ಒಂದು ಹಸಿರು ಚೀಟಿ, ಭೂಮಿ ಉಳಿಸಿ ಅಂತ ಅದರ ಮೇಲೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ... ಹಾಂ ಹಾಂ, ಸರಿ, ಭಾಷಣ ಬೇಡ. ನೀವು ನೋಡಿ.

...ಸಿಕ್ತಾ? ಏನು ಸಿಕ್ತು?... ಗೆರೆದಾ? ನೀಲಿ ಗೆರೆ? ಗುಂಡಿ ಇದೆಯಾ?... ಜೇಬು ತಿರುವಿ, ಜೇಬು... ಒಳಗೆ ಹಳದಿ ಹೂವಿನ ಬಟ್ಟೆ! ಅದೇ ಅಣ್ಣಾ, ಅದೇ! ನಿಮ್ಮ ಹೊಟ್ಟೆ ತಣ್ಣಗಿರ್ಲಿ! ಹಾಗಿದ್ರೆ ಉಳಿದವೂ ಅಲ್ಲೇ ಇವೆ. ಮಷೀನ್ ನಿಲ್ಲಿಸಿ ಈಗ. ಧಣಿ ಬಂದ್ರೆ ನಾನು ಹೇಳ್ತೀನಿ, ಬೇಕಾದ್ರೆ ನಾನೇ ಬಂದು ಕಾಲಿಗೆ ಬೀಳ್ತೀನಿ, ನಿಮ್ಮ ಮಷೀನ್ ಹಲ್ಲನ್ನೆಲ್ಲಾ ಕೂತು ಕ್ಲೀನ್ ಮಾಡಿಕೊಡ್ತೀನಿ...

...ಅಣ್ಣಾ?...

...ನಿಂತ್ಹೋಯ್ತು. ಸದ್ದು ನಿಂತ್ಹೋಯ್ತು, ನಿಲ್ಲಿಸಿದ್ರಾ? ನಿಮ್ಮ ಉಸಿರು ಕೇಳಿಸ್ತಿದೆ ನನಗೆ. ಬಹಳ ಒಳ್ಳೇ ಕೆಲಸ ಮಾಡಿದ್ರಿ. ಯಾರ ಹೊಟ್ಟೇಲಿ ಹುಟ್ಟಿದ ಪುಣ್ಯಾತ್ಮನೋ ನೀವು...

...ಸರಿ, ತೆಗೀರಿ, ಮೆಲ್ಲಗೆ ತೆಗೀರಿ. ಬಿಳೀದು, ಹಾಂ. ಜೇಬಲ್ಲಿ ಏನಿದೆ? ಕೆಂಪು? ಸರಿ, ಅವರದ್ದೇ. ಇನ್ನೊಂದು?... ಎಣ್ಣೆ ಕಲೆ ಇರೋದಾ? ಬೀಗಕ್ಕೆ ಬಿಡೋ ಎಣ್ಣೆ ಅದು, ಇರ್ಲಿ. ಇನ್ನು?... ಅಷ್ಟೇನಾ? ಮೂಟೆ ತುಂಬಾ ಇದ್ವಲ್ಲ ಅಣ್ಣಾ. ಉಳಿದವು?...

...ಹೋದ್ವಾ. ಹತ್ತಿಯಾಗಿ ಆ ಕಡೆ ಬಿದ್ವಾ. ಹ್ಞೂಂ. ಏನು ಮಾಡೋದು. ಹೋದದ್ದಕ್ಕೆ ಅಳೋಕೂ ಪುರಸೊತ್ತಿಲ್ಲ ಈಗ. ಬೂದು ಬಣ್ಣದ್ದು ಒಂದಿತ್ತು. ಅದು ಎಲ್ಲಿ? ಬೂದು ಅಂಗಿ ಅಣ್ಣಾ. ಅದೊಂದು ನೋಡಿ.

...ಅದು ಬೇರೆ ಎಲ್ಲಾ ಅಂಗಿಗಳ ಹಾಗಲ್ಲ. ಕೊನೇ ದಿನ ಕೆಲಸದಿಂದ ಬಂದೋರು ಬಿಚ್ಚಿ ಗೂಟಕ್ಕೆ ಹಾಕಿದ್ದು ಅದು. ರಾತ್ರಿ ಕಳೀಲಿಲ್ಲ ಅವರಿಗೆ. ಟೀಚರಮ್ಮ ಆ ಗೂಟದಿಂದ ತೆಗೆದೇ ಇರಲಿಲ್ಲ. ಮನೆಗೆ ಸುಣ್ಣ ಬಣ್ಣ ಬಳಿಸಿದಾಗಲೂ ಗೂಟದ ಸುತ್ತ ಬಿಟ್ಟು ಬಳೀರಿ ಅಂದಿದ್ರಂತೆ. ನನ್ನ ಕೈಗೆ ಕೊಡೋವಾಗ ಹೇಳಿದ್ದು, ಇದನ್ನ ತೊಳೀಬೇಡಿ, ಇದಕ್ಕೆ ಕತ್ತರಿ ಹಾಕ್ಬೇಡಿ, ಇಡಿಯಾಗಿ ಬೆನ್ನಿಗೆ ಬರ್ಲಿ ಅಂತ. ಅದೊಂದಿದ್ರೆ ಅವರಿಗೆ ಮುಖ ತೋರಿಸ್ತೀನಿ. ಇಲ್ಲಾಂದ್ರೆ ನಾನು ಹೇಗೆ ಆ ಕೋಣೆಗೆ ಹೋಗ್ಲಿ?...

...ಕಾಣಿಸ್ತಾ? ಎಲ್ಲಿ?... ಮಷೀನ್ ಬಾಯಲ್ಲಾ? ಹಾಗಂದ್ರೆ?... ತೋಳು ಒಳಗೆ ಹೋಗಿದೆ, ಮೈ ಹೊರಗಿದೆ. ಎಳೀರಿ ಅಣ್ಣಾ... ಬೇಡ ಬೇಡ ಬೇಡ, ಎಳೀಬೇಡಿ! ಹರಿದುಹೋಗುತ್ತೆ! ಕತ್ತರಿಸಬೇಡಿ ಕೂಡ. ಆ ಮುಚ್ಚಳ ಏನೋ ಇರುತ್ತಲ್ಲ ಹಲ್ಲಿನ ಮೇಲೆ, ಅದನ್ನ ಬಿಚ್ಚಿದ್ರೆ ಬಿಡಿಸಿಕೊಳ್ಳಬಹುದಾ?...

...ಬಿಚ್ಚಬಹುದು ತಾನೇ? ಹಾಗಂದ್ರೆ ಆಯ್ತು. ಬಿಚ್ಚಿ... ಮೆಕ್ಯಾನಿಕ್ಕೇ ಬರಬೇಕಾ? ಎಲ್ಲಿ ಅವನು?... ಊಟಕ್ಕೆ ಹೋಗಿದಾನಾ? ಇವನ ಊಟಕ್ಕೆ ಇದೇ ಹೊತ್ತಾ! ಸರಿ, ಉಣ್ಲಿ ಪಾಪ. ಉಂಡು ಬರ್ಲಿ. ಅಲ್ಲೀವರೆಗೂ ಮಷೀನ್ ಮುಟ್ಟಬಾರದು, ಅಷ್ಟೇ. ನೀವು ಅಲ್ಲೇ ಕಾವಲು ನಿಂತ್ಕೊಳ್ಳಿ.

...ಧಣಿ ಕೆಳಗೆ ಇಳೀತಿದಾರಾ? ಸದ್ದು ನಿಂತದ್ದು ಕೇಳಿಸಿರುತ್ತೆ, ಇನ್ನೇನು. ಹೇಳಿ, ಮಷೀನಿಗೆ ಗುಂಡಿ ಸಿಕ್ಕಿದೆ ಅಂತ. ಸುಳ್ಳೇನಲ್ಲವಲ್ಲ ಅದು.

...ಏನು?... ಬೇರೆ ಯಾರದೋ ಅಂಗಿ ಒಂದಿದೆಯಾ?... ಟೇಬಲ್ ಹತ್ರಾನಾ? ಬೂದು ಬಣ್ಣದ್ದೇ... ಅರ್ಧ ತೋಳು... ಹೂಂ... ಕಾಟನ್ನೇ ಅಂತೀರಾ?... ಇಲ್ಲ, ಅರ್ಥವಾಯ್ತು ನೀವು ಹೇಳ್ತಿರೋದು. ಎಲ್ಲಾ ಬೂದು ಅಂಗೀನೂ ಒಂದೇ, ಜೇಬೊಳಗೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿದ್ರೆ ಯಾರಿಗೆ ಗೊತ್ತಾಗುತ್ತೆ ಅಂತ...

...ಕಾಲರ್ ಸವೆದಿದೆಯಾ ಅದರದ್ದು?... ಸವೆದಿದೆ. ಹ್ಞೂಂ. ನನಗೆ ಬರುತ್ತೆ ಅಣ್ಣಾ ಆ ಕೆಲಸ. ಅವರ ಹೊಲಿಗೆ ನೋಡಿದೀನಿ, ದೊಡ್ಡ ದೊಡ್ಡ ಟಾಕು, ಕೊನೇಲಿ ಎರಡು ಗಂಟು. ಥೇಟ್ ಹಾಗೇ ಹಾಕಬಲ್ಲೆ. ಒಂದು ಗಳಿಗೆ ಕೆಲಸ. ಅವರು ಅದನ್ನೇ ಮುಟ್ಟಿ ನೋಡ್ತಾರೆ, ಅದನ್ನೇ ಹಾಕ್ಕೊಂಡು ಓಡಾಡ್ತಾರೆ. ನೆಮ್ಮದಿಯಾಗಿ ಇರ್ತಾರೆ. ನೀವು ಹೇಳೋದ್ರಲ್ಲಿ ತಪ್ಪೇನಿದೆ...

...ಇದೀನಿ ಇದೀನಿ. ಯೋಚನೆ ಮಾಡ್ತಿದೀನಿ, ಮಾಡಬಾರದ್ದನ್ನ.

...ಬೇಡ ಅಣ್ಣಾ. ಕಳಿಸ್ಬೇಡಿ ಅದನ್ನ. ನೀವು ಒಳ್ಳೇ ಮನಸ್ಸಿಂದ ಹೇಳಿದ್ರಿ, ಗೊತ್ತು. ಆದ್ರೆ ಯಾವುದೋ ಬಟ್ಟೆಗೆ ಹಸಿರು ಚೀಟಿ ಅಂಟಿಸಿ ಮಾರೋರನ್ನ ನಾನು ಬೈಯದ ದಿನ ಇಲ್ಲ. ಈ ಅಂಗಡಿ ಬಾಗಿಲು ತೆಗೆದದ್ದೇ ಆ ಸಿಟ್ಟಿಗೆ. ಇದು ಎಲ್ಲಿಂದ ಬಂತು, ಯಾರು ಉಟ್ಟದ್ದು, ಯಾರು ಹೊಲಿದದ್ದು, ಅಷ್ಟು ನಿಜ ಹೇಳೋಕಾಗದಿದ್ರೆ ನನ್ನ ಅಂಗಡೀಲಿ ಇನ್ನೇನಿದೆ? ಬರೀ ಚಿಂದಿ. ಯಾರದೋ ಅಂಗೀನ ಆಯಮ್ಮನ ಬೆನ್ನಿಗೆ ಹೊಲಿದು ನಾನು ರಾತ್ರಿ ನಿದ್ದೆ ಮಾಡ್ಲಾ?

...ಇಲ್ಲ, ಹೇಳಿಬಿಡ್ತೀನಿ. ಹೇಳಲೇಬೇಕು. ಮಾಡಿದ್ದುಣ್ಣೋ ಮಹರಾಯ. ಮೊದಲು ನೀವು ಆ ಮೆಕ್ಯಾನಿಕ್ಕನ್ನ...

...ಟೀಚರಮ್ಮ.

...ಯಾವಾಗ ಬಂದ್ರಿ ಒಳಗೆ?... ಒಂದ್ನಿಮಿಷ ಅಣ್ಣಾ. ಅವರು ಇಲ್ಲೇ ಬಾಗಿಲಲ್ಲೇ ನಿಂತಿದಾರೆ. ಟೀ ಕಪ್ಪು ಕೈಯಲ್ಲೇ ಇದೆ.

...ಇಲ್ಲ ಟೀಚರಮ್ಮ, ದಾರದ ಅಂಗಡಿಯವರಲ್ಲ. ಅದು ಸುಳ್ಳು ಹೇಳಿದೆ. ಬನ್ನಿ, ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ... ಬೇಡ್ವಾ, ಸರಿ, ನಿಂತ್ಕೊಂಡೇ ಕೇಳಿ. ನಿಮ್ಮ ಯಜಮಾನರ ಅಂಗಿ ಮೂಟೆ ಚೂರು ಮಾಡೋ ಮಿಲ್ಲಿಗೆ ಹೋಗಿಬಿಟ್ಟಿದೆ. ನನ್ನ ತಪ್ಪಿಂದ. ಪುಟ್ಟೀದಲ್ಲ, ನಂದು. ನಾನು ಹಾಕಿದ ಶಾಯಿ ಅಳಿಸಿಹೋಗಿ ಹೆಸರು ಕಾಣದೆ ಹೋಯ್ತು. ಸುಮಾರು ಅಂಗಿ ಹತ್ತಿಯಾಗಿವೆ. ಕೆಲವು ಉಳಿದಿವೆ.

...ಅದು ಮಷೀನ್ ಬಾಯಲ್ಲಿದೆ. ಬೂದು ಅಂಗಿ. ತೋಳು ಒಳಗೆ ಹೋಗಿದೆ, ಮಿಕ್ಕದ್ದು ಹೊರಗಿದೆ. ಮಷೀನ್ ನಿಲ್ಲಿಸಿದಾರೆ. ಅಲ್ಲಿ ಒಬ್ಬರು ಅಣ್ಣ ಧಣಿ ಬೈದ್ರೆ ಬೈಲಿ ಅಂತ ನಿಲ್ಲಿಸಿದಾರೆ. ಬಿಚ್ಚೋನು ಬಂದ್ರೆ ಬರುತ್ತಂತೆ.

...ಅಣ್ಣಾ, ಅವರು ಟೀ ಕಪ್ಪು ಕೆಳಗಿಟ್ರು. ನನ್ನ ಮುಖಾನೇ ನೋಡ್ತಿದಾರೆ. ಬೈದಿದ್ರೆ ಎಷ್ಟೋ ವಾಸಿಯಿತ್ತು.

...ಹಾಂ ಟೀಚರಮ್ಮ?... ಅಣ್ಣಾ, ಜೇಬು ಎಲ್ಲಿದೆ ಅಂತ ಕೇಳ್ತಿದಾರೆ. ಬೂದು ಅಂಗಿ ಜೇಬು. ಒಳಗೋ ಹೊರಗೋ?... ಹೊರಗಿದೆಯಂತೆ ಟೀಚರಮ್ಮ. ಹೊರಗೇ ಇದೆ. ನೇತಾಡ್ತಿದೆಯಂತೆ.

...ಜೇಬೊಳಗೆ ಒಂದು ಕೀ ಇರಬೇಕಂತೆ ಅಣ್ಣಾ. ಅವರೇ ಹೇಳ್ತಿದಾರೆ. ನನಗೂ ಗೊತ್ತಿರಲಿಲ್ಲ. ಜೇಬಿಗೂ ಒಳಗಿನ ಬಟ್ಟೆಗೂ ಮಧ್ಯೆ ಇಟ್ಟು ಹೊಲಿದುಬಿಟ್ಟಿದಾರಂತೆ, ನನಗೆ ಕೊಡೋಕೆ ಅಂತ ಗೂಟದಿಂದ ತೆಗೆದಾಗ. ಯಜಮಾನರ ಹತ್ರ ಇರ್ತಿದ್ದ ಮನೆ ಕೀ... ಅಯ್ಯೋ ಟೀಚರಮ್ಮ, ಒಂದು ಮಾತು ಹೇಳಬಾರದಿತ್ತಾ ನನಗೆ?... ಹಾಂ... ಹಾಂ... ಕೋಟು ಹಾಕ್ಕೊಂಡಾಗ ಅದು ಬೆನ್ನಿಗೆ ತಾಗ್ತಿರುತ್ತೆ ಅಂತ. ಯಾರಿಗೂ ಗೊತ್ತಾಗೋದು ಬೇಡ ಅಂತ.

...ಅಣ್ಣಾ, ಅವರು ಬರ್ತಾರಂತೆ. ಈಗಲೇ. ಚಪ್ಪಲಿ ಹಾಕ್ಕೊಳ್ತಿದಾರೆ. ಪುಟ್ಟೀ, ಹೋಗಿ ಆಟೋ ನಿಲ್ಲಿಸು, ಓಡು! ಅಣ್ಣಾ, ಚೂರಾಗಿದ್ದನ್ನೂ ತೋರಿಸ್ಬೇಕಂತೆ. ಹತ್ತೀನೂ ನೋಡ್ತಾರಂತೆ. ಬೇರೆಯವರದ್ದು ಬೆರೆತಿದ್ರೂ ಪರವಾಗಿಲ್ಲ ಅಂತಿದಾರೆ, ಒಂದು ಕಡೆ ಒಟ್ಟು ಮಾಡಿಡಿ. ಆ ಬೂದು ಅಂಗೀನ ನಾವು ಬರೋವರೆಗೂ ಯಾರೂ ಮುಟ್ಟಬಾರದು...

...ಹಲೋ? ಯಾರು ಕೂಗಾಡ್ತಿರೋದು ಅಲ್ಲಿ? ಧಣಿಯಾ?... ಫೋನ್ ಅವರಿಗೆ ಕೊಡಿ. ಅಣ್ಣಾ, ಅವರ ಕೈಗೆ ಕೊಡಿ ಫೋನು, ನಾನು ಮಾತಾಡ್ತೀನಿ. ಅದರೊಳಗೆ ಕಬ್ಬಿಣ ಇದೆ ಅಂತ ಹೇಳಿ, ಮಷೀನ್ ಹಲ್ಲು ಮುರಿಯುತ್ತೆ ಅಂತ ಹೇಳಿ, ಅದಕ್ಕಾದ್ರೂ ಹೆದರ್ತಾರೆ! ಕೇಳಿಸ್ತಿಲ್ವಾ ಅವರಿಗೆ? ಜೋರಾಗಿ ಹೇಳಿ! ಸ್ವಿಚ್ ಹತ್ರ ಬಿಡಬೇಡಿ ಅವರನ್ನ, ಅಣ್ಣಾ, ಅಡ್ಡ ನಿಲ್ಲಿ...

...ಅಣ್ಣಾ?... ಬೇಡ... ಬೇಡ ಅಂತ ಹೇಳಿ...

...ಹಾಂ ಟೀಚರಮ್ಮ? ಯಾವ ಸದ್ದು?... ಏನಿಲ್ಲ, ಅದು... ಇಲ್ಲ. ಏನಿಲ್ಲ ಅಂತ ಇನ್ನು ನಾನು ಹೇಳಲ್ಲ. ಇಲ್ಲಿ ಬನ್ನಿ, ನನ್ನ ಕೈ ಹಿಡ್ಕೊಳ್ಳಿ. ಮಷೀನ್ ಶುರು ಮಾಡಿದ್ರು ಟೀಚರಮ್ಮ...

...ಹಲೋ? ಅಣ್ಣಾ, ಹಲೋ? ಟಕ್ ಅಂತು, ಅದು ಕೀನಾ? ಹೇಳಿ ಅಣ್ಣಾ, ಅವರು ಕೇಳ್ತಿದಾರೆ, ಅದು ಕೀನಾ?... ಹಲೋ... ಹಲೋ...